ಮಗ್ಗುಲ ಸೀಟಿನ ಟವೆಲ್

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಹೊರಗಿನಿಂದ ಕಿಟಕಿಯೊಳಗೆ ಟವೆಲ್ ಎಸೆದರೆ ಸೀಟು ನಿಮ್ಮದು. ಎಂಥ ಜಗಳಗಂಟನೂ ಅದನ್ನು ಮುಟ್ಟುವುದಿಲ್ಲ. ಸಂಘಮಿತ್ರಾ ಹೊಲಿಗೆ ಕಲಿಯಲು ಇಂಡಿಗೆ ಹೋಗುವಾಗ ಮಾಳಪ್ಪ ದಿನಾ ಹಾಗೇ ಅವಳಿಗೆ ಸೀಟು ಹಿಡಿಯುತ್ತಿದ್ದ. ಪ್ರೀತಿ ಹುಟ್ಟಿದ್ದು ಆ ಟವೆಲ್ಲಿನಿಂದಲೇ.

ಈಗ ಅವಳಿಗೆ ಬಾಗೇವಾಡಿಯಲ್ಲಿ ಕೆಲಸ ಸಿಕ್ಕಿತ್ತು. ಅಪ್ಪನ ಕೈಲಿ ಬೈಸಿಕೊಂಡೂ ಅಲ್ಲೊಂದು ಖೋಲಿ ಬಾಡಿಗೆಗೆ ಹಿಡಿದಿದ್ದಳು. ಇಬ್ಬರೂ ಕೂಡಿಯೇ ಹೋಗಿ ಅಲ್ಲೇ ಮದುವೆಯಾಗುವುದೆಂದು ಮಾತಾಗಿತ್ತು. ಹೊರಡುವ ದಿನ ಬಸ್ಸು ಹತ್ತಿ, ಅವನು ಹಿಂದಿನ ದಿನ ಕೊಟ್ಟಿದ್ದ ಟವೆಲ್ಲನ್ನು ಮಗ್ಗುಲ ಸೀಟಿಗೆ ಹಾಸಿ, ಈ ಸಲ ಅವಳೇ ಅವನಿಗಾಗಿ ಕಾದು ಕೂತಳು.

ಮಾಳಪ್ಪ ಬಂದ. ಕೈಯಲ್ಲಿ ಚೀಲವಿರಲಿಲ್ಲ. ಬಸ್ಸು ಹತ್ತದೆ ಕಿಟಕಿಯ ಕೆಳಗೆ ನಿಂತು ನೆಲ ನೋಡಿದ.

“ನಿಮ್ಮ ಓಣಿ ಹುಡುಗಿ ಬ್ಯಾಡ ಅಂತಾರ ಮನ್ಯಾಗ.”

“ನೀ ಏನಂತಿ?”

ಅವನು ಕಿಟಕಿಗೆ ಕೈ ಚಾಚಿದ. “ಆ ಟವೆಲ್ ಕೊಡು. ಅಪ್ಪಂದದು, ಹುಡುಕಾಕತ್ತಾನ,” ಅಂದ.

ಪುಣ್ಯಾತ್ಮ ಅಷ್ಟಕ್ಕಾಗಿ ಬಂದಿದ್ದ. ಅವಳು ಟವೆಲ್ಲನ್ನು ನೀಟಾಗಿ ಮಡಚಿ ಕಿಟಕಿಯಿಂದ ಕೊಟ್ಟಳು.

ಅಷ್ಟೊತ್ತೂ ಕಂಬಿ ಹಿಡಿದು ನಿಂತಿದ್ದ ಮುದುಕಿ ಬರಿದಾದ ಸೀಟು ನೋಡಿ ಕೇಳಿದಳು, “ಯಾರರ ಬರೋರು ಅದಾರೇನವ್ವಾ?”

“ಯಾರೂ ಇಲ್ಲ ಆಯಿ, ಕೂಡ್ರಿ.”