ಮೀಟರಿಗೆ ಹಾಕಿದ ಹಾರ

ಕ್ಯಾನ್ಸರ್ ಗಡ್ಡೆಯ ಸುತ್ತ ಆಮ್ಲ ಜಾಸ್ತಿ, ರಕ್ತದಲ್ಲಿ ಹಾಗಿಲ್ಲ. ನಾನು ಮಾಡುತ್ತಿದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಔಷಧಿಯ ಕಣ. ರಕ್ತದಲ್ಲಿ ಅದು ಬಾಯಿ ಮುಚ್ಚಿಕೊಂಡಿರಬೇಕು, ಆಮ್ಲ ಸಿಕ್ಕ ಕಡೆ ಬಾಯಿ ಬಿಟ್ಟು ಔಷಧಿ ಸುರಿಯಬೇಕು. ಇಷ್ಟೇ. ಈ ಇಷ್ಟಕ್ಕೇ ಕೆಂಗೇರಿಯಾಚೆಯ ಫಾರ್ಮಸಿ ಕಾಲೇಜಿನಲ್ಲಿ ನನ್ನ ನಾಲ್ಕು ವರ್ಷ ಮಣ್ಣುಪಾಲಾಗಿತ್ತು. ಒಂದು ಬ್ಯಾಚು ಎಲ್ಲಿ ಹಾಕಿದರೂ ಬಾಯಿ ಬಿಡುತ್ತಿತ್ತು, ಇನ್ನೊಂದು ಎಲ್ಲೂ ಬಿಡುತ್ತಿರಲಿಲ್ಲ.

೨೦೦೭ರ ದಸರಾ ಮುಗಿದ ಸೋಮವಾರ ಕೊನೆಯ ಬ್ಯಾಚು. ಬುಧವಾರ ಕಮಿಟಿಗೆ ತೋರಿಸದಿದ್ದರೆ ಫೆಲೋಶಿಪ್ ಬಂದ್. "ಈ ಸಲನೂ ಆಗ್ಲಿಲ್ಲ ಅಂದ್ರೆ ನನ್ ಕೈಲೇನೂ ಇಲ್ಲ ಕಣಮ್ಮ ನೀಲಾಂಬಿಕಾ," ಎಂದು ಗೈಡ್ ಜಗದಾಂಬಾ ಮೇಡಂ ಆಗಲೇ ಕೈ ತೊಳೆದುಕೊಂಡಿದ್ದರು.

ಆಮ್ಲ ಅಳೆಯುವ ಪಿಎಚ್ ಮೀಟರಿನ ಮೇಲೆ ಆಯುಧಪೂಜೆಯ ಸೇವಂತಿಗೆ ಹಾರವಿತ್ತು. ಎತ್ತಿ ಪಕ್ಕಕ್ಕಿಟ್ಟೆ. ಮೀಟರು ಸರಿಯಾಗಿದೆಯೇ ಎಂದು ನೋಡುವ ತಾಳ್ಮೆ ಯಾರಿಗಿತ್ತು? ಅದರ ಗಾಜಿನ ಕಡ್ಡಿಯನ್ನು ದ್ರಾವಣಕ್ಕೆ ಅದ್ದಿ, ಹನಿಹನಿ ಆಸಿಡ್ ಹಾಕಿದೆ. ದರಿದ್ರದ್ದು, ಎಷ್ಟು ಹಾಕಿದರೂ ಅಂಕಿ ಇಳಿಯದು. ಅಂತೂ ರಕ್ತದ ಅಂಕಿ, ೭.೪ ಬಂತು. ಕಣಗಳನ್ನು ತೆಳು ಚೀಲದಲ್ಲಿ ಕಟ್ಟಿ ಮುಳುಗಿಸಿದೆ. ಔಷಧಿಯ ಬಣ್ಣ ಕೆಂಪು. ರಕ್ತದ ಹದದಲ್ಲಿ ಅದು ಚೀಲದಾಚೆ ಬರಲೇಬಾರದು.

ಊಟ ಮುಗಿಸಿ ಬಂದರೆ ಬೀಕರೆಲ್ಲ ಕೆಂಪು.

ಮೈಯೆಲ್ಲ ಉರಿದುಹೋಯಿತು. ಬೀಕರು, ಚೀಲ, ಉಳಿದಿದ್ದ ಕಣಗಳು, ಎಲ್ಲವನ್ನೂ ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ಕಡ್ಡಿಯನ್ನು ಅದು ಸದಾ ನೆನೆದಿರಬೇಕಾದ ಬಾಟಲಿಗೆ ತುರುಕಲು ಹೋದಾಗ ಬಾಟಲಿ ಒಣಗಿರುವುದು ಕಂಡಿತು. ಕಡ್ಡಿಯ ಕತ್ತಿನ ಸಂದಿಯಲ್ಲಿ ವಿಭೂತಿ.

"ಅಣ್ಣಾ, ಈ ಕಡ್ಡಿ ಯಾರ್ ಮುಟ್ಟಿದ್ದು?"

ಅಟೆಂಡರ್ ಚಿಕ್ಕಮುನಿಯಪ್ಪ ಓಡಿ ಬಂದರು. "ನಾನೇ ಮೇಡಂ. ಪಾಪ, ವರ್ಷಪೂರ್ತಿ ಆ ನೀರಲ್ಲೇ ನೆಂದ್ಕೊಂಡಿರತ್ತೆ. ಶುಕ್ರವಾರ ತೆಗ್ದು, ಒರೆಸಿ, ವಿಭೂತಿ ಹಚ್ಚಿ ಆರಕ್ಕಿಟ್ಟೆ. ಬೇರೆ ಮಿಷಿನ್‌ಗೆಲ್ಲ ಒಂದೊಂದ್ ಹೂವು ಅಷ್ಟೇ. ನೀವು ಅಳೋದು ನೋಡಕ್ಕಾಗಲ್ಲ ಅಂತ ಇದಕ್ಕೆ ಹಾರಾನೇ ತಂದೆ."

ಒಣಗಿದ ಕಡ್ಡಿ ಸರಿಯಾದ ಅಂಕಿ ತೋರಿಸುವುದಿಲ್ಲ. ನಾನು ಹದ ಮಾಡಿದ್ದ ದ್ರಾವಣ ಇನ್ನೊಂದು ಬಾಟಲಿಯಲ್ಲಿ ಸ್ವಲ್ಪ ಉಳಿದಿತ್ತು, ಅದಕ್ಕೆ ಪಿಎಚ್ ಪೇಪರ್ ಅದ್ದಿದೆ. ಹಸಿರಾಗಬೇಕಿದ್ದದ್ದು ಹಳದಿಯಾಯಿತು. ರಕ್ತದ ಹದವೆಂದು ನಾನು ಮಾಡಿದ್ದು ಆಮ್ಲ, ಗಡ್ಡೆಯ ಸುತ್ತ ಇರುವಂಥದ್ದು. ಅಲ್ಲಿಯವರೆಗೆ ಬರೀ ನೀರಿನಲ್ಲಿದ್ದಾಗ ಬಣ್ಣ ಬಿಡದಿದ್ದ ನನ್ನ ಕಣ, ಎಲ್ಲಿ ಬಾಯಿ ಬಿಡಬೇಕಿತ್ತೋ ಅಲ್ಲೇ ಬಿಟ್ಟಿತ್ತು.

ಸಿಂಕಿನ ಜಾಲರಿಗೆ ಅಂಟಿದ್ದ ಕೆಂಪನ್ನು ಬೆರಳಿನಿಂದ ಬಳಿಯಲು ನೋಡಿದೆ. ಬೆರಳಿಗೆ ನೀರಷ್ಟೇ ಬಂತು. ಯಾರನ್ನು ಬಯ್ಯಲಿ? ಹಾರ ತಂದವರನ್ನೇ?

"ಏನಾಯ್ತು ಮೇಡಂ? ಈ ಸಲನೂ ಆಗ್ಲಿಲ್ವಾ?" ಚಿಕ್ಕಮುನಿಯಪ್ಪನ ಮುಖ ಬಾಡಿತ್ತು.

"ಆಯ್ತಣ್ಣ," ಎಂದೆ. "ಈ ಸಲ ಆಯ್ತು."

"ನಾನ್ ಹೇಳ್ಲಿಲ್ವಾ!" ಎಂದವರೇ ಹಾರವನ್ನೆತ್ತಿ ಮತ್ತೆ ಮೀಟರಿಗೆ ಹಾಕಿ, ಕಣ್ಣು ಮುಚ್ಚಿ ಕೈ ಮುಗಿದರು.