ಬರಿ ಮೈಗೆ ಅಂಟಿಸಿ

ನನ್ನನ್ನು ಯಾವ ಗೋಡೆಗೆ ನೇತುಹಾಕಬೇಕು ಎಂಬ ಘನಗಂಭೀರ ಪ್ರಶ್ನೆಗಾಗಿ ದಾವಣಗೆರೆಯ ನಮ್ಮ ಬಡಾವಣೆಯ ಸಂಘ ಎರಡು ಸಭೆ ಸೇರಿತು. ವಾಸ್ತು ಬಲ್ಲವರು ಈಶಾನ್ಯ ಎಂದರು. ಅಲ್ಲಿ ಆಗಲೇ ನೀರಿನ ಫಿಲ್ಟರ್ ಇತ್ತು. ಕೊನೆಗೆ ಸಮುದಾಯ ಭವನದ ಬಾಗಿಲ ಪಕ್ಕ ನನಗೆ ಜಾಗ ಸಿಕ್ಕಿತು.

ನಾನು ಒಂದು ಡಿಫಿಬ್ರಿಲೇಟರ್. ಬಡಾವಣೆಯವರ ಬಾಯಲ್ಲಿ ಶಾಕ್ ಮಿಷನ್ನು. ಹುಟ್ಟಿದ್ದು ದೂರದ ಕಾರ್ಖಾನೆಯಲ್ಲಿ; ಕನ್ನಡ ಕಲಿತದ್ದೂ ಅಲ್ಲೇ. ತಾಳ ತಪ್ಪಿ ನಡುಗುವ ಹೃದಯಕ್ಕೆ ಎದೆಗೆ ಅಂಟಿಸಿದ ಎರಡು ಪ್ಯಾಡ್‌ಗಳಿಂದ ಒಂದು ಹೊಡೆತ ಕೊಟ್ಟು ದಾರಿಗೆ ತರುವುದು ನನ್ನ ಕಸುಬು. ಪೂರ್ತಿ ನಿಂತ ಹೃದಯದ ಮುಂದೆ ನಾನೂ ಬರಿ ಡಬ್ಬಿ. ಎರಡರ ನಡುವೆ ಇರುವುದು ಕೆಲವೇ ನಿಮಿಷ.

ಇದನ್ನೆಲ್ಲ ಹೇಳಿಕೊಡಲು ಬಂದ ಕಂಪನಿಯವರು ರಬ್ಬರಿನ ಗಂಡಸೊಬ್ಬನನ್ನು ತಂದಿದ್ದರು. ಅವನಿಗೆ ಅಂಗಿಯೇ ಇರಲಿಲ್ಲವಾದ್ದರಿಂದ ಬಟ್ಟೆ ತೆಗೆಯುವ ಪಾಠ ನಡೆಯಲಿಲ್ಲ. ಹಿಂದಿನ ಸಾಲಿನ ಹೆಂಗಸರು ನಕ್ಕರು. ಗಿರಿಜಮ್ಮನವರ ನಗೆಯೇ ಜೋರು.

ಮೂರು ಆಯುಧಪೂಜೆ ಕಳೆದವು. ಪ್ರತಿ ಸಲವೂ ನನಗೆ ವಿಭೂತಿ, ಕುಂಕುಮ, ಚೆಂಡುಹೂವು.

ಮಹಿಳಾ ಸಂಘದ ಅಂತ್ಯಾಕ್ಷರಿಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಹಾಡುತ್ತಿದ್ದ ಗಿರಿಜಮ್ಮ ಚಾಪೆಯ ಮೇಲೆ ಕುಸಿದರು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಗಿರಿಜಮ್ಮನ ಮಗಳು ಶೋಭಾ ನನ್ನನ್ನು ಗೋಡೆಯಿಂದ ಕಿತ್ತು ತಂದು ಮುಚ್ಚಳ ತೆರೆದಳು. ಕಲಿತದ್ದನ್ನು ಹೇಳಿದೆ: "ಎದೆಯ ಮೇಲಿನ ಬಟ್ಟೆ ತೆಗೆಯಿರಿ. ಪ್ಯಾಡ್‌ಗಳನ್ನು ಬರಿ ಮೈಗೆ ಅಂಟಿಸಿ."

ಶೋಭಾಳ ಕೈ ಕುಪ್ಪಸದ ಹುಕ್ಕಿಗೆ ಹೋಯಿತು. ಗಿರಿಜಮ್ಮನ ಅಕ್ಕ ಚನ್ನಬಸಮ್ಮ ಆ ಕೈ ಹಿಡಿದರು.

"ತಡಿಯವ್ವ, ಬರೇ ತಲೆಸುತ್ತು ಇದು. ಬಾಗ್ಲಾಗೆ ಗಂಡಸ್ರು ನಿಂತಾರೆ."

ಗದ್ದಲ ಕೇಳಿ ಬಂದಿದ್ದ ಗಂಡಸರನ್ನು ಹೊರಗೆ ಕಳಿಸಿದರು. ಅವರು ಚಪ್ಪಲಿ ಹುಡುಕಿಕೊಂಡು ಹೋದರು. ಕಿಟಕಿ ಮುಚ್ಚಿದರು. ನಾಲ್ವರು ಜಮಖಾನೆ ಹಿಡಿದು ಮರೆ ಮಾಡಿದರು. ಒಂದು ಮೂಲೆ ಜಾರಿತು, ಮತ್ತೆ ಹಿಡಿದರು. ಯಾರ ಮನಸ್ಸೂ ಕೆಟ್ಟದಲ್ಲ, ಗಿರಿಜಮ್ಮನ ಮಾನ ಕಾಯುತ್ತಿದ್ದರು. ನಾನು ಅದೇ ಎರಡು ಮಾತು ಹೇಳುತ್ತಲೇ ಇದ್ದೆ. ಬೇಗ ಎಂಬ ಪದವನ್ನು ನನಗೆ ಕಲಿಸಿರಲಿಲ್ಲ. ಬ್ಯಾಟರಿ ಸೋತು ಸಂಘದ ಕಪಾಟು ಸೇರಿರುವ ಈಗಲೂ ಅದೊಂದು ಪದಕ್ಕಾಗಿ ಹುಡುಕುತ್ತೇನೆ.

ಪ್ಯಾಡ್ ಮೈಗೆ ತಾಗುವಾಗ ಎಂಟು ನಿಮಿಷ ಕಳೆದಿತ್ತು. ಒಳಗೆ ಹೃದಯದ ನಡುಕವೂ ಉಳಿದಿರಲಿಲ್ಲ. "ಶಾಕ್ ಅಗತ್ಯವಿಲ್ಲ" ಎಂದೆ. ಎದೆ ಒತ್ತುತ್ತಿರಿ ಎಂದೂ ಹೇಳಿದೆ; ಅಷ್ಟರಲ್ಲಿ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದ್ದರು.

"ಶಾಕ್ ಬ್ಯಾಡಂತೆ," ಚನ್ನಬಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನಾ ಹೇಳ್ಲಿಲ್ಲೇನು, ಬರೇ ತಲೆಸುತ್ತು ಅಂತ."

ಶೋಭಾಳನ್ನು ಪಕ್ಕಕ್ಕೆ ಸರಿಸಿ, ತಂಗಿಯ ಹುಕ್ಕುಗಳನ್ನು ಒಂದೊಂದಾಗಿ ಹಾಕಿದರು. ಆಂಬುಲೆನ್ಸಿನವರು ಬಂದು ನಾಡಿ ನೋಡಿದರು. ಗಿರಿಜಮ್ಮ ತೀರಿಕೊಂಡಿದ್ದರು.