ರಿವರ್ಸ್ ಬೇಡದ ಜಾಗ

ಈ ಸಲ ಕುದುರೆಗಳ ಜೊತೆ ಎಲ್ಲಿ ಬಿಡಾರ ಹೂಡುವುದು ಎಂಬ ಮಾತು ಹಾಲೆನ್‌ಬೆಕ್ ಮನೆಯಲ್ಲಿ ಪ್ರತಿ ವಸಂತದಲ್ಲೂ ಜಗಳವಾಗಿಯೇ ಮುಗಿಯುತ್ತಿತ್ತು. ಅಪ್ಪ ವರ್ಲಿನ್‌ಗೆ ಕುದುರೆಗಳಿಗೆ ಮರದ ನೆರಳು, ಹಳ್ಳದ ನೀರು ಬೇಕು. ಹಿರಿಮಗಳು ಜೋಲೀನಳಿಗೆ ತನ್ನ ಆರ್‌ವಿಗೆ, ಅಂದರೆ ಮನೆಯಂಥ ಗಾಡಿಗೆ, ಕರೆಂಟು, ನಲ್ಲಿ, ತನ್ನ ಮಗಳು ಪೈಪರ್‌ಗೆ ಈಜಲು ಕೆರೆ ಬೇಕು. ಕಿರಿಯವಳು ಟೆಸ್ಸಾಳಿಗೆ ಏನು ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಅವಳು ಬಾಯಿ ತೆರೆಯುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತಿತ್ತು. ಕಾಲೇಜು ಮುಗಿಸಿ ಮನೆಗೆ ಬಂದಿದ್ದ ಅವಳ ಪಾಲಿನ ಕೆಲಸ ಒಂದೇ, ಅವರಿಬ್ಬರೂ ಕಚ್ಚಾಡಿ ಒಪ್ಪಿದ ಜಾಗವನ್ನು ಲ್ಯಾಪ್‌ಟಾಪಿನಲ್ಲಿ ಬುಕ್ ಮಾಡುವುದು.

ಆ ಭಾನುವಾರ ಮಾತ್ರ ಜಗಳವೇ ಆಗಲಿಲ್ಲ.

"ಈ ಸಲ ಪ್ರೇರೀ ಗೇಟ್ ಕ್ಯಾಂಪೇ ಬುಕ್ ಮಾಡ್ಬಿಡಿ," ಎಂದ ಅಪ್ಪ, ತಟ್ಟೆಯಿಂದ ತಲೆಯೆತ್ತದೆ.

ಜೋಲೀನ್ ಫೋರ್ಕು ಕೆಳಗಿಟ್ಟಳು. "ಹುಷಾರಾಗಿದೀಯ ತಾನೇ ಅಪ್ಪ? ಹೋದ ವರ್ಷ ಅದರ ಹೆಸರೆತ್ತಿದ್ದಕ್ಕೆ, ಅದೇನು ಕ್ಯಾಂಪಾ, ಕುದುರೆ ಪಾರ್ಕಿಂಗ್ ಲಾಟಾ ಅಂತ ಉಗಿದಿದ್ದೆ."

"ಬಿಸಿನೀರಿನ ಸ್ನಾನ ಇದೆಯಂತೆ. ನನಗೂ ವಯಸ್ಸಾಗ್ಲಿಲ್ವೇನೆ?"

"ಜನ್ಮವೆಲ್ಲಾ ಹಳ್ಳದಲ್ಲಿ ಮುಳುಗಿ ಎದ್ದೋನು ನೀನು!"

"ಆಯ್ತಲ್ಲ, ನೀನು ಗೆದ್ದೆ. ಪೈಪರ್ ನನ್ನ ಪಿಕಪ್‌ನಲ್ಲೇ ಬರ್ಲಿ. ಕುದುರೆ ಜೊತೆ ಬರ್ತೀನಿ ತಾತ ಅಂತ ಪ್ರಾಣ ತಿಂತಾಳೆ."

ಜೋಲೀನ್ ಎದ್ದು ಅಪ್ಪನ ಬೋಳುತಲೆಗೆ ಮುತ್ತು ಕೊಟ್ಟಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಟೆಸ್ಸಾ, ಇವತ್ತೇ ಬುಕ್ ಮಾಡೇ. ಮುದುಕನ ಮನಸ್ಸು ತಿರುಗೋಕೆ ಮುಂಚೆ," ಎಂದು ಕಣ್ಣು ಹೊಡೆದಳು.

ಟೆಸ್ಸಾ ಲ್ಯಾಪ್‌ಟಾಪ್ ತೆರೆದಳು, ಆದರೆ ಬುಕ್ ಮಾಡಲಿಲ್ಲ. ಪ್ರೇರೀ ಗೇಟಿನ ಚಿತ್ರಗಳನ್ನು ನೋಡುತ್ತ ಕುಳಿತಳು. ಜಲ್ಲಿ ಹಾಸಿದ ಬಯಲು, ಕಬ್ಬಿಣದ ಕೊಟ್ಟಿಗೆಗಳು, ಬೇಲಿಯಾಚೆ ಹೆದ್ದಾರಿ. ಅಪ್ಪ ಬದುಕೆಲ್ಲ ಮೆಚ್ಚಿದ್ದು ಬೇಕರ್ಸ್ ಹಾಲೋ ಕ್ಯಾಂಪನ್ನು. ಅಲ್ಲಿ ಓಕ್ ಮರಗಳ ನಡುವೆ ಎತ್ತರದಲ್ಲಿ ಹಗ್ಗ ಎಳೆದು ಕುದುರೆ ಕಟ್ಟಿದರೆ, ಮಲಗಿದಲ್ಲಿಗೇ ಅವು ಹುಲ್ಲು ಅಗಿಯುವ ಸದ್ದು ಕೇಳಿಸುತ್ತಿತ್ತು. ಅದನ್ನು ಬಿಟ್ಟು ಬಿಸಿನೀರಿಗೆ ಹೋಗುವವನೇ ಅವನು?

ಮತ್ತೆ ಮತ್ತೆ ನೋಡಿದಾಗ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ಹಾಲೋದಲ್ಲಿ ಪ್ರತಿ ಜಾಗಕ್ಕೂ ಪಿಕಪ್ಪಿನ ಹಿಂದೆ ಕಟ್ಟಿದ ಕುದುರೆ ಟ್ರೈಲರನ್ನು ರಿವರ್ಸಿನಲ್ಲೇ ಒಳಗೆ ತರಬೇಕು. ಪ್ರೇರೀ ಗೇಟಿನಲ್ಲಿ ಹಾಗಿಲ್ಲ. ಈ ಕಡೆಯಿಂದ ನುಗ್ಗಿ ನಿಲ್ಲಿಸಿ, ಹೊರಡುವಾಗ ಆ ಕಡೆಯಿಂದ ಹೊರಟರಾಯಿತು. ಸುತ್ತಲಿನ ಜಿಲ್ಲೆಗಳಲ್ಲಿ ಕುದುರೆ ಟ್ರೈಲರಿಗೆ ಅಂಥ ಸೌಕರ್ಯವಿದ್ದದ್ದು ಅದೊಂದರಲ್ಲೇ.

ಕುದುರೆಯವರ ಕ್ಯಾಂಪುಗಳಲ್ಲಿ ಸಂಜೆಯ ಮನರಂಜನೆಯೇ ರಿವರ್ಸು. ಹೊಸ ಟ್ರೈಲರ್ ಬಂತೆಂದರೆ ಎಲ್ಲರೂ ಮಡಚು ಕುರ್ಚಿ ತಿರುಗಿಸಿಕೊಂಡು, ಕೈಯಲ್ಲೊಂದು ಬಿಯರ್ ಹಿಡಿದು ಕೂರುತ್ತಾರೆ. ವಕ್ರವಾದರೆ ನಗು, ಮರಕ್ಕೆ ತಾಗಿದರೆ ಚಪ್ಪಾಳೆ. ವರ್ಲಿನ್ ಹಾಲೆನ್‌ಬೆಕ್ ಬಂದಾಗ ಮಾತ್ರ ಜನ ಸುಮ್ಮನೆ ನೋಡುತ್ತಿದ್ದರು. ಒಂದೇ ಸಲಕ್ಕೆ, ಎರಡು ಓಕ್‌ಗಳ ನಡುವೆ, ದಾರ ಪೋಣಿಸಿದ ಹಾಗೆ. ಆಮೇಲೆ ಇಳಿದು ಟೋಪಿ ಸರಿಮಾಡಿಕೊಂಡು, ಏನೂ ಆಗದವನಂತೆ ಕುದುರೆ ಇಳಿಸುತ್ತಿದ್ದ. ನುಗ್ಗಿ ನಿಲ್ಲಿಸುವ ಜಾಗ ಹುಡುಕುವವರನ್ನು ಕಂಡರೆ "ನಿನ್ನೆ ಟ್ರೈಲರ್ ಕೊಂಡೋರು" ಎನ್ನುತ್ತಿದ್ದ.

ಟೆಸ್ಸಾಳಿಗೆ ಒಂದೊಂದಾಗಿ ನೆನಪಾಗತೊಡಗಿತು. ಚಳಿಗಾಲದಲ್ಲಿ ನಜ್ಜುಗುಜ್ಜಾದ ಟ್ರೈಲರಿನ ಮೂಲೆ. ಮೇವಿನ ಅಂಗಡಿಯ ಹುಡುಗ ಗುದ್ದಿದ ಎಂದಿದ್ದ ಅಪ್ಪ. ಪಕ್ಕದಿಂದ ಬಂದು ಮಾತಾಡಿಸಿದರೆ ಬೆಚ್ಚಿ ಬೀಳುತ್ತಿದ್ದ. ಚರ್ಚಿನಲ್ಲಿ ಬಲಗಡೆ ನಿಂತು ಕೈ ಚಾಚಿದ್ದ ಪಾದ್ರಿಯನ್ನು ದಾಟಿಕೊಂಡೇ ಹೋಗಿದ್ದ. ಆಗ ಅವಳು ನಕ್ಕಿದ್ದಳು.

ಅಪ್ಪ ಲಾಯದಲ್ಲಿ ಜುನಿ ಎಂಬ ಕುದುರೆಯ ಗೊರಸು ಕೆರೆಯುತ್ತಿದ್ದ. ಟೆಸ್ಸಾ ಸದ್ದಿಲ್ಲದೆ ಅವನ ಬಲಕ್ಕೆ ಬಂದು ನಿಂತು ಕೈ ಮೇಲೆತ್ತಿದಳು. ಅವನು ತಿರುಗಲಿಲ್ಲ. ಕೈ ಬೀಸಿದಳು. ಇಲ್ಲ.

"ಅಪ್ಪ."

ಅವನು ಹಾರಿಬಿದ್ದ. "ದೇವರೇ! ಬೆಕ್ಕಿನ ಹಾಗೆ ಬರ್ತೀಯಲ್ಲೇ."

"ಯಾವಾಗಿಂದ ಕಾಣಿಸ್ತಿಲ್ಲ?"

ಅವನು ಗೊರಸನ್ನು ಮೆಲ್ಲಗೆ ಕೆಳಗಿಟ್ಟ. ಸುಳ್ಳು ಹೇಳಲು ಬಾಯಿ ತೆರೆದದ್ದು ಅವಳಿಗೆ ಗೊತ್ತಾಯಿತು. ಆದರೆ ಹೇಳಲಿಲ್ಲ.

"ಮುಂದೆ ಚೆನ್ನಾಗೇ ಕಾಣುತ್ತೆ. ಪಕ್ಕದ್ದು ಕಾಣಲ್ಲ, ಅಷ್ಟೇ. ಡಾಕ್ಟ್ರು ಕಣ್ಣಿಗೆ ಡ್ರಾಪ್ಸ್ ಕೊಟ್ಟಿದಾನೆ."

"ಗಾಡಿ ಓಡಿಸು ಅಂತಾನೂ ಅಂದ್ನಾ?"

"ಕೇಳ್ಲಿಲ್ಲ ನಾನು."

"ಪೈಪರ್‌ನ ಕೂರಿಸ್ಕೊಂಡು ಆ ಹೆದ್ದಾರೀಲಿ ಗಾಡಿ ಓಡಿಸ್ತೀನಿ ಅಂತೀಯಲ್ಲಪ್ಪ."

"ಜೋಲೀನ್‌ಗೆ ಹೇಳ್ಬೇಡ," ಎಂದ ಅವನು. ಅವನ ದನಿಯಲ್ಲಿ ಬೇಡಿಕೊಳ್ಳುವುದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. "ಹೇಳಿದ್ರೆ ಮುಂದಿನ ವಾರಕ್ಕೆ ಲಾಯ ಖಾಲಿ. ಅವಳ ಬುದ್ಧಿ ನಿನಗೆ ಗೊತ್ತಲ್ಲ. ಇದೊಂದು ಬೇಸಿಗೆ ಕಣೇ."

ಟೆಸ್ಸಾ ನೆಲ ನೋಡುತ್ತ, "ನಾನು ಓಡಿಸ್ತೀನಿ," ಎಂದಳು.

"ನೀನಾ? ಹೋಟೆಲಲ್ಲಿ ಕೆಚಪ್ ಕೇಳೋಕೆ ನಾಚ್ಕೋತೀಯ. ಅಷ್ಟು ಜನ ಕುರ್ಚಿ ಹಾಕ್ಕೊಂಡು ನೋಡ್ತಿರ್ತಾರೆ."

"ನೋಡ್ಲಿ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಯೋಚಿಸಿದ. ಮುಖ ಅರಳಿತು. "ಹಂಗಾದ್ರೆ ಹಾಲೋಗೇ ಹೋಗ್ಬಹುದಲ್ಲೇ! ನೀನು ಸ್ಟಿಯರಿಂಗು, ನಾನು ಹಿಂದೆ ನಿಂತು ಹೇಳ್ತೀನಿ. ಮಗಳಿಗೆ ಕಲಿಸ್ತಿದಾನೆ ಅಂದ್ಕೋತಾರೆ. ಯಾರಿಗೂ ಗೊತ್ತಾಗಲ್ಲ."

ಯಾರಿಗೂ ಗೊತ್ತಾಗಲ್ಲ ಎಂಬುದು ಟೆಸ್ಸಾಳಿಗೂ ಹಿತವಾಗಿತ್ತು. ಕುದುರೆಗಳೂ ಉಳಿಯುತ್ತವೆ, ಅಪ್ಪನ ಮಾನವೂ. ಅಕ್ಕನ ಜೊತೆ ಮಾತಾಡುವ ಕಷ್ಟವೂ ಇಲ್ಲ. ಮರುದಿನವೇ ಖಾಲಿ ಟ್ರೈಲರ್ ಕಟ್ಟಿಕೊಂಡು ಇಬ್ಬರೂ ಹಿಂದಿನ ಹುಲ್ಲುಗಾವಲಿಗೆ ಇಳಿದರು.

"ಒಂದೇ ನಿಯಮ," ಎಂದ ಅಪ್ಪ ಕಿಟಕಿಗೆ ಬಾಗಿ. "ಕನ್ನಡಿಯಲ್ಲಿ ನಾನು ಕಾಣ್ಲಿಲ್ಲ ಅಂದ್ರೆ ಬ್ರೇಕು. ಕಾರಣ ಕೇಳ್ಬೇಡ."

ಬೇಲಿಯ ಎರಡು ಗೂಟಗಳೇ ಓಕ್ ಮರಗಳಾದವು. ಮೊದಲ ಸಲ ಟ್ರೈಲರ್ ಸೊಟ್ಟಗೆ ಮಡಚಿಕೊಂಡಿತು. "ಎಡಕ್ಕೆ ಬೇಕಾದ್ರೆ ಬಲಕ್ಕೆ ತಿರುಗಿಸೇ ಪುಣ್ಯಾತ್ಗಿತ್ತಿ!" ಎಂದು ಅವನು ಕೂಗಿದ. ಎರಡನೆಯ ಸಲ ಪರವಾಗಿಲ್ಲ ಎನ್ನಿಸಿತು. ಮೂರನೆಯ ಸಲ ಅವಳ ಕೈಗೆ ಏನೋ ತಿಳಿದಂತಾಗಿ, ಭಾರವಾದ ಟ್ರೈಲರ್ ಹೇಳಿದ ಮಾತು ಕೇಳುತ್ತ ಹಿಂದೆ ಸರಿಯತೊಡಗಿತು. ಅವಳಿಗೆ ಖುಷಿಯಾಯಿತು.

"ಬರ್ಲಿ... ಬರ್ಲಿ... ಹಂಗೇ ಬರ್ಲಿ!"

ಎಡಗನ್ನಡಿಯಲ್ಲಿ ಅಪ್ಪ ಇರಲಿಲ್ಲ.

ಬಲಗನ್ನಡಿಯಲ್ಲೂ ಇರಲಿಲ್ಲ. ಅವಳು ಎರಡೂ ಕಾಲಿಂದ ಬ್ರೇಕು ತುಳಿದಳು.

"ಬರ್ಲಿ ಅಂದ್ನಲ್ಲ! ಬೇಕಾದಷ್ಟು ಜಾಗ ಇದೆ!"

ದನಿ ನೇರ ಹಿಂದಿನಿಂದ ಬರುತ್ತಿತ್ತು. ಟೆಸ್ಸಾ ಇಳಿದು ಓಡಿದಳು. ಅಪ್ಪ ಟ್ರೈಲರಿಗೂ ಬೇಲಿಯ ಗೂಟಕ್ಕೂ ನಡುವೆ, ಗೂಟಕ್ಕೆ ಬೆನ್ನು ತಾಗಿಸಿ, ಮುಖವನ್ನು ಹುಲ್ಲುಗಾವಲಿನ ಕಡೆ ತಿರುಗಿಸಿ ನಿಂತಿದ್ದ. ಕೈ ಇನ್ನೂ ಬೀಸುತ್ತಲೇ ಇತ್ತು. ಅವನ ಪಕ್ಕೆಗೂ ಟ್ರೈಲರಿನ ಬಾಗಿಲಿಗೂ ಮಧ್ಯೆ ಒಂದು ಗೇಣೂ ಇರಲಿಲ್ಲ.

"ಯಾಕೆ ನಿಲ್ಸಿದೆ?" ಎನ್ನುತ್ತ ತಿರುಗಿದ. ಅಂಗೈ ಕಬ್ಬಿಣಕ್ಕೆ ಬಡಿಯಿತು. ಕೈಯನ್ನು ಹಿಂದಕ್ಕೆ ತೆಗೆಯದೆ, ಸವರುತ್ತ ನಿಂತ.

"ಇದು ಇಲ್ಲಿಗೆ ಯಾವಾಗ ಬಂತು?"

ಟೆಸ್ಸಾಳಿಗೆ ಅಳು ಬಂತು. ಅತ್ತಳು. ಅತ್ತು ಮುಗಿಸಿ ಪಿಕಪ್ಪಿಗೆ ಹೋಗಿ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಳು.

"ಜೋಲೀನ್‌ಗೆ ಫೋನ್ ಮಾಡ್ತಿದೀನಿ."

"ಕುದುರೆ ಮಾರ್ಸ್ತಾಳೆ ಕಣೇ."

"ಮಾರ್ಸೋಕೆ ಬಂದ್ರೆ ನಾನು ಜಗಳ ಆಡ್ತೀನಿ."

"ನೀನು ಜಗಳ ಆಡೋದನ್ನ ನಾನು ನೋಡೇ ಇಲ್ಲ," ಎಂದ ಅವನು. ಈ ಸಲ ಅದು ಗೇಲಿಯಾಗಿರಲಿಲ್ಲ.

ಫೋನು ಎರಡು ಸಲ ಬಡಿದುಕೊಳ್ಳುವಷ್ಟರಲ್ಲಿ ಜೋಲೀನ್ ಎತ್ತಿದಳು. "ಬುಕ್ ಆಯ್ತೇನೇ? ಪೈಪರ್ ಈಗ್ಲೇ ಬೂಟು ಹಾಕ್ಕೊಂಡು ಕೂತಿದಾಳೆ."

ಟೆಸ್ಸಾ ಫೋನನ್ನು ಅಪ್ಪನ ಕೈಗಿಟ್ಟಳು. ಅವನು ಕಿವಿಗೆ ಹಿಡಿದು, "ನಾನಮ್ಮ," ಎಂದ. ಹುಲ್ಲುಗಾವಲಿನಲ್ಲಿ ಗಾಳಿ ಬೀಸುತ್ತಿತ್ತು. ಆ ಕಡೆಯಿಂದ "ಹಲೋ? ಅಪ್ಪ? ಹಲೋ?" ಎಂಬ ದನಿ.

ಟೆಸ್ಸಾ ಅವನ ಭುಜಕ್ಕೆ ಒರಗಿ ಫೋನಿನ ಹತ್ತಿರ ಬಾಯಿ ತಂದಳು.

"ಕಟ್ ಮಾಡ್ಬೇಡ ಜೋಲೀನ್. ಸುಮ್ಮನಿರು. ಅಪ್ಪ ಹೇಳ್ತಾನೆ."